ಒಳಗೆ ಹೋಗದ್ದನ್ನು ಮರೆಯುವುದು ಹೇಗೆ?

ಮರೆವಿನ ಕಾಯಿಲೆಯ ಪರೀಕ್ಷೆಗಳ ಬಗ್ಗೆ ಈ ಪತ್ರಿಕೆಯ ಹಿಂದಿನ ಸಂಚಿಕೆಯೊಂದರಲ್ಲಿ ನಾನು ಬರೆದದ್ದಕ್ಕೆ ಎರಡು ದಿಕ್ಕಿನಿಂದಲೂ ಏಟು ಬಿದ್ದಿದೆ. ಹಳ್ಳಿಯವರ ನೆಪ ಹೇಳಿ ವಿಜ್ಞಾನವನ್ನು ಸಡಿಲ ಮಾಡುತ್ತಿದ್ದೇನೆ ಎಂದು ಕೆಲವರು. ಪರದೇಶದ ಅಳತೆಗೋಲನ್ನು ತಂದು ನಮ್ಮ ಹಿರಿಯರ ತಲೆ ಅಳೆಯಲು ಹೊರಟಿದ್ದೇನೆ ಎಂದು ಇನ್ನು ಕೆಲವರು. ಈ ಇಬ್ಬರೂ ಒಟ್ಟಿಗೆ ಸರಿಯಾಗಿರಲು ಸಾಧ್ಯವಿಲ್ಲ. ಒಟ್ಟಿಗೆ ತಪ್ಪಾಗಿರಲು ಸಾಧ್ಯವಿದೆ. ಆಕ್ಷೇಪ ಎತ್ತಿದವರಲ್ಲಿ ನನಗೆ ಗುರುಸಮಾನರಾದವರೂ ಇದ್ದಾರೆ. ಹೆಸರು ಹಿಡಿದು ಜಗಳವಾಡುವುದು ಬೇಡ, ಮಾತನ್ನಷ್ಟೇ ಎತ್ತಿಕೊಳ್ಳುತ್ತೇನೆ.

ನಾನು ಹೇಳಿದ್ದು ಇಷ್ಟು. ಮರೆವನ್ನು ಅಳೆಯಬೇಕಾದರೆ, ಮರೆಯಬೇಕಾದ ಸಂಗತಿ ಮೊದಲು ತಲೆಯೊಳಗೆ ಹೋಗಿತ್ತು ಎಂಬ ಖಾತ್ರಿ ಬೇಕು. ಹಾಗಲ್ಲದೆ ಹತ್ತು ನಿಮಿಷ ಬಿಟ್ಟು ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದು ಓಪಿಡಿ ಚೀಟಿಯ ಮೇಲೆ 'ಡಿಮೆನ್ಷಿಯಾ' ಎಂದು ಗೀಚಿದರೆ, ನೀರೇ ತುಂಬದ ಕೊಡವನ್ನು ಸೋರುತ್ತದೆ ಎಂದು ದೂರಿದ ಹಾಗೆ.

ನಿವೃತ್ತ ವೈದ್ಯರೊಬ್ಬರ ಆಕ್ಷೇಪದಿಂದ ಶುರುಮಾಡೋಣ. 'ಅಲ್ಝೈಮರ್ಸ್ ಮೆದುಳಿನ ಕಾಯಿಲೆ. ಮೆದುಳು ಮಂಡ್ಯದಲ್ಲೂ ಒಂದೇ, ಮಾಂಟ್ರಿಯಲ್‌ನಲ್ಲೂ ಒಂದೇ. ಹಿಪೊಕ್ಯಾಂಪಸ್ಸಿಗೆ ಊರು, ಭಾಷೆ ಉಂಟೇ?' ಇಲ್ಲ. ಕಾಯಿಲೆಯ ಮಟ್ಟಿಗೆ ಅವರ ಮಾತು ಸರಿ. ಎಂಟೊರೈನಲ್ ಕಾರ್ಟೆಕ್ಸ್, ಹಿಪೊಕ್ಯಾಂಪಸ್ ಎಂಬ ಭಾಗಗಳು ಮೊದಲು ಸವೆಯುತ್ತವೆ. ಹಾಗಾಗಿ ಹೊಸದಾಗಿ ಕೇಳಿದ್ದು, ಕಂಡದ್ದು ಕೆಲವು ನಿಮಿಷ ಕಳೆದರೆ ನಿಲ್ಲುವುದಿಲ್ಲ. ಮನೆಯವರು ಇದನ್ನೇ 'ಶಾರ್ಟ್ ಟರ್ಮ್ ಮೆಮರಿ ಹೋಗಿದೆ ಡಾಕ್ಟ್ರೇ' ಎನ್ನುತ್ತಾರೆ. ಮನಶ್ಶಾಸ್ತ್ರದವರು ಆ ಹೆಸರನ್ನು ಕೆಲವೇ ಸೆಕೆಂಡುಗಳ ಹಿಡಿತಕ್ಕೆ ಮೀಸಲಿಡುತ್ತಾರೆ. ಫೋನ್ ನಂಬರು ಕೇಳಿದ ಕೂಡಲೇ ತಿರುಗಿ ಒಪ್ಪಿಸುವ ಆ ಶಕ್ತಿ ಕಾಯಿಲೆಯ ಶುರುವಿನಲ್ಲಿ ಬಹುಮಟ್ಟಿಗೆ ಉಳಿದೇ ಇರುತ್ತದೆ. ಮನೆಯವರ ಎದುರು ನಾನು ಈ ಭೇದವನ್ನು ಎಳೆದಾಡುವುದಿಲ್ಲ. ಅವರು ಹೇಳುತ್ತಿರುವುದು ಏನೆಂದು ಅರ್ಥವಾಗುತ್ತದೆ.

ವೈದ್ಯರು ಒಂದು ಮೆಟ್ಟಿಲು ಹಾರಿದ್ದು ಎಲ್ಲಿ ಎಂದರೆ, ಪರೀಕ್ಷೆ ಹಿಪೊಕ್ಯಾಂಪಸ್ಸನ್ನು ನೇರವಾಗಿ ಮುಟ್ಟುವುದಿಲ್ಲ. ಮಂದವಾದ ಕಿವಿ, ಮನೆಮಾತು, ಶಾಲೆ, ಎದುರಿಗೆ ಪೆನ್ನು ಹಿಡಿದು ಕೂತವರ ಬಗೆಗಿನ ಅಂಜಿಕೆ, ಇಷ್ಟನ್ನೂ ದಾಟಿ ಅಲ್ಲಿಗೆ ಹೋಗಬೇಕು. 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿ ಮತ್ತು ಪಾಲ್ ಮೆಕ್‌ಹ್ಯೂ ಪ್ರಕಟಿಸಿದ ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್ ಇಂದಿಗೂ ಜಗತ್ತಿನಲ್ಲಿ ಅತಿಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಗಳಲ್ಲಿ ಒಂದು. ಅದರ ಒಟ್ಟು 30 ಅಂಕಗಳನ್ನು ಬಿಡಿಸಿ ನೋಡಿ. ತಾರೀಕು, ವಾರ, ಊರು, ಸ್ಥಳ ಹೇಳುವುದಕ್ಕೆ 10. ಮೂರು ಪದ ಕೇಳಿ ಆಗಲೇ ತಿರುಗಿ ಹೇಳಲು 3. ನೂರರಿಂದ ಏಳೇಳು ಕಳೆಯಲು, ಇಲ್ಲವೇ ಒಂದು ಇಂಗ್ಲಿಷ್ ಪದದ ಸ್ಪೆಲ್ಲಿಂಗನ್ನು ಹಿಂದಿನಿಂದ ಹೇಳಲು 5. ಓದುವುದು, ಬರೆಯುವುದು, ಹೆಸರಿಸುವುದು ಮುಂತಾದ ಭಾಷೆಯ ಕೆಲಸಕ್ಕೆ 8. ಒಂದಕ್ಕೊಂದು ಹೆಣೆದ ಎರಡು ಪಂಚಭುಜ ಬರೆಯಲು 1. ಆ ಮೂರು ಪದಗಳನ್ನು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೆನೆಯಲು, ಅಂದರೆ ಅಲ್ಝೈಮರ್ಸ್ ಮೊದಲು ಕಸಿಯುವ ಶಕ್ತಿಗೆ, ಸಿಗುವುದು ಮೂರೇ ಅಂಕ. ಉಳಿದದ್ದರಲ್ಲಿ ಬಹಳಷ್ಟು ಶಾಲೆಯ ಪರೀಕ್ಷೆ.

ಇದು ನಮ್ಮ ಹಳ್ಳಿಯವರ ತಕರಾರಷ್ಟೇ ಅಲ್ಲ. 1993ರಲ್ಲಿ 18 ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಅಂಕಗಳನ್ನು ಒಟ್ಟುಮಾಡಿ ನೋಡಿದಾಗ, ಒಂಬತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರ ನಡುಮಟ್ಟದ ಅಂಕ 29 ಇತ್ತು. ನಾಲ್ಕು ವರ್ಷದೊಳಗೆ ಶಾಲೆ ಬಿಟ್ಟವರದು 22. ರೂಢಿಯಲ್ಲಿ 24ರ ಕೆಳಗೆ ಬಂದರೆ ಅನುಮಾನ ಪಡಬೇಕು. ಆ ಗೆರೆಯನ್ನು ಕಣ್ಣುಮುಚ್ಚಿ ಎಳೆದರೆ, ಶಾಲೆ ಬಿಟ್ಟ ಅಮೆರಿಕನ್ನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ರೋಗಿಗಳೇ ಆಗಿಬಿಡುತ್ತಾರೆ.

ಕೋಲಾರದ ಕಡೆಯಿಂದ ಬಂದ ಒಬ್ಬ ಅಜ್ಜಿ ನೆನಪಾಗುತ್ತಾರೆ. ಬೇರೆಡೆ ಯಾರೋ ಈ ಪರೀಕ್ಷೆ ಮಾಡಿ 17 ಅಂಕ ಬರೆದು ಕಳಿಸಿದ್ದರು. ನಾನೂ ತಾರೀಕಿನಿಂದಲೇ ಶುರುಮಾಡಿದೆ.

'ಇವತ್ತು ತಾರೀಕು ಎಷ್ಟಮ್ಮಾ?'

'ತಾರೀಕು ಗೀರೀಕು ನಂಗೇನ್ ಗೊತ್ತವ್ವ. ನಾಡಿದ್ದು ಅಮಾಸೆ. ಆರಿದ್ರಾ ಮಳೆ ಹುಟ್ಟಿ ವಾರ ಆಯ್ತು, ಒಂದು ಹನೀನೂ ಬಿದ್ದಿಲ್ಲ.'

'ನೂರರಲ್ಲಿ ಏಳು ಕಳೀರಿ, ಉಳಿದದ್ದರಲ್ಲಿ ಮತ್ತೆ ಏಳು...'

'ಯಾಕೆ ಕಳೀಬೇಕು?'

ನನ್ನಲ್ಲಿ ಉತ್ತರವಿರಲಿಲ್ಲ. ಫಾರಂ ಪ್ರಕಾರ ತಾರೀಕು ಸೊನ್ನೆ, ಲೆಕ್ಕ ಸೊನ್ನೆ. ಆದರೆ ಅಮಾವಾಸ್ಯೆ ನಾಡಿದ್ದೇ ಇತ್ತು, ಮಳೆ ನಕ್ಷತ್ರ ಸರಿಯಾಗಿತ್ತು. ನಡುವೆ ಮೊಮ್ಮಗಳ ಮದುವೆ ಮಾತುಕತೆ ಎಲ್ಲ ಆಗಿ, ಮೊದಲು ಹೇಳಿದ್ದ ಮೂರು ಪದ ಕೇಳಿದರೆ ಮೂರನ್ನೂ ಸಾಲಾಗಿ ಒಪ್ಪಿಸಿ, 'ಆಗ್ಲೇ ಹೇಳಿದ್ನಲ್ಲ, ಮರ್ತೋದ್ಯಾ?' ಎಂದು ನನ್ನನ್ನೇ ಕೇಳಿದರು. ಅವರಿಗಿದ್ದದ್ದು ಮಂಡಿನೋವು, ಜೊತೆಗೆ ಗಂಡ ತೀರಿಕೊಂಡ ಮೇಲಿನ ಬೇಸರ.

ಹಿಂದಿನ ಸಂಚಿಕೆಯಲ್ಲಿ ಈ ಅಜ್ಜಿಯ ಬಗ್ಗೆ ಬರೆದದ್ದಕ್ಕೇ ಎರಡನೇ ಆಕ್ಷೇಪ ಬಂತು, ಸ್ವಲ್ಪ ಖಾರವಾಗಿ: 'ಹಾಗಾದರೆ ಹಳ್ಳಿಯವರಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಿ ಅನ್ನುತ್ತೀರಾ?' ಅಲ್ಲ. ಗ್ರೇಸ್ ಮಾರ್ಕ್ಸ್ ಕೊಡುವುದು ಆ ಪರೀಕ್ಷೆಗಳನ್ನು ರೂಪಿಸಿದವರೇ. 2005ರಲ್ಲಿ ಮಾಂಟ್ರಿಯಲ್‌ನಲ್ಲಿ ಜಿಯಾದ್ ನಸ್ರೆದ್ದೀನ್ ಮತ್ತು ಸಂಗಡಿಗರು ಪ್ರಕಟಿಸಿದ 'ಮೊಕಾ' ಪರೀಕ್ಷೆಯಲ್ಲಿ ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸಿಕೊಡುತ್ತಾರೆ. ಪಿಯುಸಿ ಮುಗಿಸಿದವರಿಗೂ ಒಂದು, ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೂ ಒಂದು. ಇದು ಸಾಲದೆಂದು ಅವರಿಗೇ ಅನ್ನಿಸಿರಬೇಕು, ಮುಂದೆ ಕಡಿಮೆ ಓದಿದವರಿಗಾಗಿ 'ಮೊಕಾ ಬೇಸಿಕ್' ಎಂಬ ಬೇರೆಯದೇ ಪರೀಕ್ಷೆ ಬಂತು.

ಗೆರೆಯನ್ನು ಇಳಿಸುವುದಕ್ಕೂ ಪ್ರಶ್ನೆಯನ್ನು ಬದಲಿಸುವುದಕ್ಕೂ ಬಹಳ ಅಂತರವಿದೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಭಾರತ ಮತ್ತು ಅಮೆರಿಕದ ಸಂಶೋಧಕರು ಸೇರಿ ಮಾಡಿದ್ದು ಎರಡನೆಯದನ್ನು. ಅಲ್ಲಿನ ಹಿರಿಯರಲ್ಲಿ ಬಹುಪಾಲು ಮಂದಿ ಶಾಲೆ ಕಂಡವರಲ್ಲ. ಮೇರಿ ಗಂಗೂಲಿ ಮತ್ತು ತಂಡ 1995ರಲ್ಲಿ ಪ್ರಕಟಿಸಿದ ಹಿಂದಿ ರೂಪದಲ್ಲಿ ಸ್ಪೆಲ್ಲಿಂಗ್ ಹೋಗಿ ವಾರದ ದಿನಗಳನ್ನು ಹಿಂದಿನಿಂದ ಹೇಳುವುದು ಬಂತು. 'ಕಣ್ಣು ಮುಚ್ಚಿ' ಎಂಬ ಬರಹವನ್ನು ಓದಿ ಹಾಗೆ ಮಾಡುವ ಬದಲು, ಎದುರಿಗಿದ್ದವರು ಕಣ್ಣು ಮುಚ್ಚಿದ್ದನ್ನು ನೋಡಿ ಮಾಡುವುದು ಬಂತು. ಒಂದು ವಾಕ್ಯ ಬರೆಯುವ ಬದಲು ತಮ್ಮ ಮನೆಯ ಬಗ್ಗೆ ಏನಾದರೂ ಹೇಳುವುದು ಬಂತು. ಮೂರು ಪದ ನೆನಪಿಡುವುದು ಹಾಗೇ ಉಳಿಯಿತು. ಅಲ್ಝೈಮರ್ಸ್ ಪತ್ತೆಗೆ ಬೇಕಾದ ಕಠಿಣ ಪ್ರಶ್ನೆ ಅದೇ, ಅದನ್ನು ಯಾರೂ ಸಡಿಲ ಮಾಡಲಿಲ್ಲ.

ಎಲ್ಲರಿಗೂ ಒಂದೇ ಗೆರೆ ಎಂಬುದು ಕಟ್ಟುನಿಟ್ಟಿನಂತೆ ಕಾಣುತ್ತದೆ, ಅಷ್ಟೇ. ಇನ್ನೊಂದು ತುದಿಯಲ್ಲಿ ಅದು ಪೂರಾ ಸಡಿಲ. ಓದಿದವರು, ಮಾತು ಬಲ್ಲವರು ಕಾಯಿಲೆ ಸಾಕಷ್ಟು ಮುಂದುವರಿದ ಮೇಲೂ 28 ತೆಗೆಯುವುದುಂಟು. ಕರೆಂಟ್ ಬಿಲ್ಲನ್ನು ಎರಡೆರಡು ಸಲ ಕಟ್ಟಿ ಬರುವ ನಿವೃತ್ತ ಹೆಡ್‌ಮಾಸ್ಟರು ನನ್ನೆದುರು ನೂರರಿಂದ ಎರಡರವರೆಗೂ ಏಳೇಳು ಕಳೆದು ತೋರಿಸಿದರೆ, ಅವರ ಹೆಂಡತಿ ನನ್ನ ಮುಖವನ್ನೇ ನೋಡುತ್ತಿರುತ್ತಾರೆ.

ಸಾಫ್ಟ್‌ವೇರ್ ಕ್ಷೇತ್ರದ ಓದುಗರೊಬ್ಬರ ಪರಿಹಾರ ಸುಲಭದ್ದು: 'ಒಳ್ಳೆಯ ಅನುವಾದಕರನ್ನು ಹಿಡಿದು ಪಕ್ಕಾ ಅನುವಾದ ಮಾಡಿಸಿ.' ಮೊಕಾದ ಇಂಗ್ಲಿಷ್ ಪಟ್ಟಿಯ ಐದು ಪದಗಳಲ್ಲಿ ಮಖಮಲ್ಲು, ಚರ್ಚು, ಡೈಸಿ ಹೂವು ಇವೆ. ಪಕ್ಕಾ ಅನುವಾದವಾದರೆ ಯಾದಗಿರಿಯ ಅಜ್ಜ ಡೈಸಿಯನ್ನು ನೆನಪಿಡಬೇಕು. ಗೊತ್ತಿರದ ಪದ ಕಿವಿಗೆ ಬರೀ ಸದ್ದು, ಸದ್ದನ್ನು ಹಿಡಿದಿಡುವ ಕೆಲಸದಲ್ಲಿ ಅಕ್ಷರ ಕಲಿತವರಿಗೂ ಕಲಿಯದವರಿಗೂ ಇರುವ ಅಂತರ ಸಣ್ಣದಲ್ಲ. ಪೋರ್ಚುಗಲ್ಲಿನ ಕಾಸ್ಟ್ರೊ-ಕಾಲ್ಡಾಸ್ ಮತ್ತು ತಂಡ 1998ರಲ್ಲಿ ಇದನ್ನು ಚೆನ್ನಾಗಿ ತೋರಿಸಿತು: ನಿಜವಾದ ಪದಗಳನ್ನು ತಿರುಗಿ ಹೇಳುವುದರಲ್ಲಿ ಅಕ್ಷರ ಬಾರದ ಹೆಂಗಸರಿಗೆ ತೊಂದರೆಯಿರಲಿಲ್ಲ, ಅರ್ಥವಿಲ್ಲದ ಹುಸಿಪದಗಳಲ್ಲಿ ಮಾತ್ರ ಅವರು ಎಡವಿದರು. ಅಂದರೆ ಮಾಹಿತಿ ಸೋರಿದ್ದಲ್ಲ, ಒಳಗೆ ಹೋಗುವಾಗಲೇ ಬಾಗಿಲಲ್ಲಿ ನಿಂತದ್ದು.

ಇದನ್ನು ಅರಿತವರು ಅನುವಾದ ಬಿಟ್ಟು ಹೊಸದಾಗಿ ಕಟ್ಟಿದರು. ಆಸ್ಟ್ರೇಲಿಯಾದ ಕಿಂಬರ್ಲಿಯ ಮೂಲನಿವಾಸಿಗಳಿಗಾಗಿ 2006ರಲ್ಲಿ ಪ್ರಕಟವಾದ 'ಕೀಕಾ' ಪರೀಕ್ಷೆಯಲ್ಲಿ ಬಾಚಣಿಗೆ, ತಗಡಿನ ಲೋಟ, ಬೆಂಕಿಕಡ್ಡಿಗಳನ್ನು ತೋರಿಸಿ ಪ್ರಶ್ನೆ ಕೇಳುತ್ತಾರೆ. ಸಿಡ್ನಿಯಲ್ಲಿ ನಾನಾ ದೇಶಗಳ ವಲಸಿಗರನ್ನು ನೋಡಿಕೊಳ್ಳುತ್ತಿದ್ದವರು 2004ರಲ್ಲಿ ತಂದ 'ರೂಡಾಸ್' ಪರೀಕ್ಷೆ ಅಂಗಡಿಯಿಂದ ತರಬೇಕಾದ ಸಾಮಾನನ್ನು ನೆನಪಿಡಲು ಹೇಳುತ್ತದೆ: ಚಹಾ, ಅಡುಗೆ ಎಣ್ಣೆ, ಮೊಟ್ಟೆ, ಸೋಪು. ಇದನ್ನೇ ನಮ್ಮ ಕೆಲವು ಮನೆಗಳ ಅಜ್ಜಿಯರ ಮುಂದಿಟ್ಟರೆ 'ಮೊಟ್ಟೆಯಾ? ನಾನ್ಯಾಕೆ ತರಲಿ?' ಎಂದು ಎದ್ದೇ ಹೋದಾರು. ನಮ್ಮಲ್ಲೂ ಕೆಲಸ ನಡೆದಿದೆ. ನಿಮ್ಹಾನ್ಸ್‌ನ ಪರೀಕ್ಷಾಮಾಲೆಯಲ್ಲಿ ಇಂಗ್ಲಿಷ್ ಅಕ್ಷರಗಳ ಬದಲು ಕ, ಪ, ಮ ಎಂಬ ಸದ್ದುಗಳಿಂದ ಶುರುವಾಗುವ ಪದ ಕೇಳುತ್ತಾರೆ. ಐಸಿಎಂಆರ್ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಐದರಲ್ಲೂ ಹೋಲಿಸಬಹುದಾದ ಪರೀಕ್ಷೆಗಳ ಗುಚ್ಛವೊಂದನ್ನು ಸಿದ್ಧಪಡಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದವರು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟುಕೊಂಡು ಕೆಲಸ ಮಾಡುತ್ತಿದ್ದಾರೆ. ನಮ್ಮ ಹಳ್ಳಿಯ ಆರೋಗ್ಯವಂತ ಹಿರಿಯರ ಅಂಕ ಎಷ್ಟಿರುತ್ತದೆ ಎಂಬುದು ಗೊತ್ತಾಗುವುದು ಇಂಥ ಅಧ್ಯಯನಗಳಿಂದ, ಅನುವಾದದಿಂದಲ್ಲ.

ಇನ್ನೊಂದು ತೊಡಕು ಅನುವಾದಕರ ಕೈಯಲ್ಲೇ ಇಲ್ಲ. ಕೋಲಾರದಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವವರಿಗೆ ಯಾವ ಪಟ್ಟಿ ಕೊಡಬೇಕು? ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಬಾರದವರಲ್ಲೂ. ಕಾಯಿಲೆಯನ್ನು ತಡೆಹಿಡಿದ ಆ ಎರಡನೇ ಭಾಷೆಯೇ ಪರೀಕ್ಷೆಯ ಕೋಣೆಯಲ್ಲಿ ಅಂಕ ಕಳೆಯಬಹುದು. ನ್ಯೂಜೆರ್ಸಿಯಲ್ಲಿ ಮಗನ ಮನೆಗೆ ಹೋದ ತಾಯಿಯನ್ನು ಅಲ್ಲಿನ ವೈದ್ಯರು ಪರೀಕ್ಷಿಸುವಾಗ ನಡುವೆ ದುಭಾಷಿಯಾಗಿ ಮಗನೇ ಕೂತರಂತೂ ಮುಗಿಯಿತು. 'ಅಮ್ಮಾ, ಹಣ್ಣು ಒಂದು ಇತ್ತಲ್ಲ...' ಎಂದು ಅವನು ಕಿವಿಯಲ್ಲಿ ಉಸುರಿದ್ದು ಅಮ್ಮನ ಅಂಕವಾಗಿ ದಾಖಲಾಗುತ್ತದೆ.

ಈಗ ಎದುರು ದಿಕ್ಕಿನವರು. 'ಅರವತ್ತಕ್ಕೆ ಅರಳು ಮರಳು ಅನ್ನೋದು ನಮ್ಮ ಹಿಂದಿನವರಿಗೇ ಗೊತ್ತಿತ್ತು. ಅದನ್ನು ಕಾಯಿಲೆ ಮಾಡಿದವರು ಪಾಶ್ಚಾತ್ಯರು. ಕೂಡು ಕುಟುಂಬದಲ್ಲಿ ಅಲ್ಝೈಮರ್ಸ್ ಬರುವುದಿಲ್ಲ, ನೀವೇ ಹೇಳುವ ಬಲ್ಲಭಗಢದಲ್ಲೇ ಅದು ಕಡಿಮೆ.' ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಆಕ್ಷೇಪ ಇದು, ಏಕೆಂದರೆ ಇದರಲ್ಲಿ ಅರ್ಧ ನಿಜವಿದೆ.

ಬಲ್ಲಭಗಢದ ಅಂಕಿ ಕಡಿಮೆ ಎಂಬುದು ಹೌದು. 65 ದಾಟಿದವರಲ್ಲಿ ಅಲ್ಝೈಮರ್ಸ್ ಇದ್ದವರು ನೂರಕ್ಕೆ ಸುಮಾರು ಒಬ್ಬರು. ಹೊಸದಾಗಿ ಕಾಯಿಲೆ ಬೀಳುವವರು ವರ್ಷಕ್ಕೆ ಸಾವಿರಕ್ಕೆ 4.7. ಅದೇ ಸಂಶೋಧಕರು ಹೋಲಿಸಿ ನೋಡಿದ ಪೆನ್ಸಿಲ್ವೇನಿಯಾದ ಮೊನಾಂಗಹೀಲ ಕಣಿವೆಯಲ್ಲಿ ಇದು 17.5 ಇತ್ತು. ನೈಜೀರಿಯಾದ ಇಬಾದಾನ್ ನಗರದ ಯೊರುಬಾ ಜನರಲ್ಲೂ ಇಂಡಿಯಾನಾಪೊಲಿಸ್‌ನ ಆಫ್ರಿಕನ್ ಅಮೆರಿಕನ್ನರಲ್ಲೂ ಒಂದೇ ವಿಧಾನ ಹಿಡಿದು ನೋಡಿದ ಹೆಂಡ್ರಿ ತಂಡ 2001ರಲ್ಲಿ ಕೊಟ್ಟ ಲೆಕ್ಕವೂ ಹೀಗೆಯೇ: ವರ್ಷಕ್ಕೆ ನೂರರಲ್ಲಿ 1.15 ಇಬಾದಾನ್‌ನಲ್ಲಿ, 2.52 ಇಂಡಿಯಾನಾಪೊಲಿಸ್‌ನಲ್ಲಿ. ಈ ಅಂತರದಲ್ಲಿ ಸ್ವಲ್ಪ ನಿಜವೇ ಇರಬಹುದು. ಅಪಾಯ ಹೆಚ್ಚಿಸುವ ಎಪಿಒಇ-4 ಎಂಬ ಜೀನ್ ರೂಪ ಬಲ್ಲಭಗಢದಲ್ಲಿ ಪೆನ್ಸಿಲ್ವೇನಿಯಾಕ್ಕಿಂತ ಕಡಿಮೆ ಇತ್ತು. ಕಾಯಿಲೆ ಬಂದ ಮೇಲೆ ಹಳ್ಳಿಯವರು ಹೆಚ್ಚು ಕಾಲ ಬದುಕದೆ ಇರುವುದೂ ಇದ್ದೀತು.

ಆದರೆ ಈ ಒಂದು ಲೆಕ್ಕವನ್ನೂ ಪಕ್ಕದಲ್ಲಿಡಿ. 1998ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದ '10/66' ಎಂಬ ಸಂಶೋಧಕರ ಬಳಗಕ್ಕೆ ಆ ಹೆಸರು ಬಂದದ್ದು ಒಂದು ನಾಚಿಕೆಗೇಡಿನ ಲೆಕ್ಕದಿಂದ: ಡಿಮೆನ್ಷಿಯಾ ಇದ್ದವರಲ್ಲಿ ನೂರಕ್ಕೆ 66 ಮಂದಿ ಬಡ ದೇಶಗಳಲ್ಲಿದ್ದಾರೆ, ಸಂಶೋಧನೆಯಲ್ಲಿ ಶೇಕಡ 10 ಕೂಡ ಅವರ ಬಗ್ಗೆ ನಡೆಯುವುದಿಲ್ಲ. ಈ ಬಳಗ ಭಾರತ, ಚೀನಾ, ಕ್ಯೂಬಾ ಮುಂತಾದ ಏಳು ದೇಶಗಳಲ್ಲಿ 65 ದಾಟಿದವರ ಮನೆಮನೆಗೆ ಹೋಗಿ, 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಅಮೆರಿಕದ ಮನೋವೈದ್ಯರ ಡಿಎಸ್‌ಎಂ-4 ವ್ಯಾಖ್ಯೆ ಹಿಡಿದರೆ ಭಾರತದ ಹಳ್ಳಿಗಳಲ್ಲಿ, ಎಂದರೆ ವೆಲ್ಲೂರಿನ ಸುತ್ತಮುತ್ತ, ಡಿಮೆನ್ಷಿಯಾ ಶೇಕಡ 0.3 ಮಾತ್ರ. ಸಮೀಕ್ಷೆ ನಡೆದ ಎಲ್ಲ ಕಡೆಗಿಂತ ಕಡಿಮೆ! ನಮ್ಮ ವಿರೋಧಿಗಳು ಇಲ್ಲಿಗೇ ಪುಟ ಮುಚ್ಚಿ ಚಪ್ಪಾಳೆ ತಟ್ಟಬಹುದು. ಅದೇ ಜನರನ್ನು, ಶಾಲೆಯ ಪ್ರಭಾವ ತಗ್ಗಿಸಿ ಕಟ್ಟಿದ 10/66 ವಿಧಾನದಿಂದ ನೋಡಿದಾಗ ಎಲ್ಲ ಕಡೆಗಳಲ್ಲೂ ಅಂಕಿ ಶೇಕಡ 5.6ರಿಂದ 11.7ರ ನಡುವೆ ಬಂದು ನಿಂತಿತು. ಆ ಕನಿಷ್ಠ ಅಂಕಿ ಚೀನಾದ ಹಳ್ಳಿಗಳದು, ನಮ್ಮದಲ್ಲ.

ಹಾಗಾದರೆ 0.3 ಎಲ್ಲಿಂದ ಬಂತು? ಡಿಎಸ್‌ಎಂ ವ್ಯಾಖ್ಯೆಯಲ್ಲಿ ಒಂದು ಷರತ್ತಿದೆ: ಮರೆವಿನಿಂದ ದಿನದ ಕೆಲಸ ಕೆಟ್ಟಿರಬೇಕು. ನಮ್ಮಲ್ಲಿ ಎಪ್ಪತ್ತು ದಾಟಿದ ಮಾವನಿಗೆ ಏನು ಕೆಲಸವಿದೆ? ತಟ್ಟೆ ಎದುರಿಗೆ ಬರುತ್ತದೆ. ಮಾತ್ರೆಯನ್ನು ಸೊಸೆ ಕೈಗೆ ಇಡುತ್ತಾಳೆ. ಪಿಂಚಣಿ ಮಗನ ಫೋನಿಗೆ ಬರುತ್ತದೆ. ಜಗಲಿಯ ಮೇಲೆ ಕೂತು ಎರಡನೇ ಸಲ 'ಊಟ ಆಯ್ತೇನಮ್ಮ?' ಎಂದು ಕೇಳಿದರೆ ವಯಸ್ಸಾಯಿತು ಎನ್ನುತ್ತಾರೆ. 'ಅವರ ಕೆಲಸಕ್ಕೇನಾದರೂ ತೊಂದರೆ ಆಗಿದೆಯಾ?' ಎಂದು ಸಮೀಕ್ಷೆಯವರು ಕೇಳಿದರೆ ಮನೆಯವರು 'ಇಲ್ಲ' ಎನ್ನುತ್ತಾರೆ, ಸುಳ್ಳಲ್ಲ. ಕೂಡು ಕುಟುಂಬ ಕಾಯಿಲೆಯನ್ನು ತಡೆಯಲಿಲ್ಲ, ಕಾಣದಂತೆ ಮಾಡಿತು. ಬಲ್ಲಭಗಢದವರು ಇದನ್ನು ಗಮನಿಸಿದ್ದರು, ಅದಕ್ಕೇ ಮನೆಯವರಿಗೆ ಕೇಳುವ ಪ್ರಶ್ನೆಗಳನ್ನು ಹಳ್ಳಿಯ ಬದುಕಿನಿಂದಲೇ ಎತ್ತಿ ಬೇರೆ ಪಟ್ಟಿ ಮಾಡಿದರು: ಊಟ ಮಾಡಿದ್ದು ಮರೆಯುತ್ತಾರಾ, ಊರೊಳಗೆ ದಾರಿ ತಪ್ಪುತ್ತಾರಾ ಎಂಬಂಥವು. ಈಚಿನ ರಾಷ್ಟ್ರೀಯ ಸಮೀಕ್ಷೆಯ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಪಾಶ್ಚಾತ್ಯರ ಕಾಯಿಲೆ ಎನ್ನಲು ಇದು ಸ್ವಲ್ಪ ಜಾಸ್ತಿಯೇ ಆಯಿತು.

'ಹಾಗಾದರೆ ಮನೆಯವರನ್ನು ಕೇಳಿದರೆ ಸಾಕಲ್ಲ, ಅಜ್ಜಿಗೆ ಯಾಕೆ ಪರೀಕ್ಷೆ?' ಎಂದೂ ಒಬ್ಬರು ಕೇಳಿದ್ದಾರೆ. ದೀಪಾವಳಿಗೊಮ್ಮೆ ಬಂದು ಹೋಗುವ ಮಗನಿಗೆ ಏನೂ ಕಾಣುವುದಿಲ್ಲ, ದಿನವೂ ಏಗುವ ಸೊಸೆಗೆ ಎಲ್ಲವೂ ಕಾಯಿಲೆಯಾಗಿ ಕಾಣುತ್ತದೆ, ಜಮೀನು ಭಾಗವಾಗುವ ವರ್ಷ ಎಲ್ಲರಿಗೂ ಎಲ್ಲವೂ ಕಾಣುತ್ತದೆ. ಕೆನಡಾದ ಕ್ರೀ ಜನರಿಗಾಗಿ ಹುಟ್ಟಿ ಇಬಾದಾನ್‌ಗೂ ಹೋದ ಪರೀಕ್ಷೆ ಹಿರಿಯರನ್ನೂ ಮನೆಯವರನ್ನೂ ಬೇರೆಬೇರೆ ಕೂರಿಸಿ ಕೇಳಿ, ಎರಡನ್ನೂ ಕೂಡಿಸುತ್ತದೆ. ನಾನೂ ಹಾಗೇ ಮಾಡುತ್ತೇನೆ.

ಯುವ ಸಂಶೋಧಕರೊಬ್ಬರು ಪದಗಳ ಗೊಡವೆಯೇ ಬೇಡ ಎಂದಿದ್ದಾರೆ. ಅವರು ಹೇಳುವ ಪರೀಕ್ಷೆ ನಿಜಕ್ಕೂ ಸೊಗಸಾದದ್ದು. ಪರದೆಯ ಮೇಲೆ ಎರಡು ಮೂರು ಬಣ್ಣದ ಆಕಾರಗಳು ಕ್ಷಣಕಾಲ ಬಂದು ಹೋಗುತ್ತವೆ. ಪರದೆ ಖಾಲಿಯಾಗಿ, ಮತ್ತೆ ಆಕಾರಗಳು ಬರುತ್ತವೆ. ಅವೇನಾ, ಬೇರೆಯಾ ಎಂದಷ್ಟೇ ಹೇಳಬೇಕು. ಕೆಲವೊಮ್ಮೆ ಒಂದರ ಬಣ್ಣ ಇನ್ನೊಂದಕ್ಕೆ ಹೋಗಿರುತ್ತದೆ. ಕೊಲಂಬಿಯಾದ ಆಂಟಿಯೋಕ್ವಿಯಾ ಪ್ರಾಂತ್ಯದಲ್ಲಿ ಐವತ್ತು ತುಂಬುವುದರೊಳಗೆ ಅಲ್ಝೈಮರ್ಸ್ ತರುವ ಒಂದು ಜೀನ್ ದೋಷ ಹರಿದುಬಂದಿರುವ ದೊಡ್ಡ ಕುಟುಂಬಗಳಿವೆ. ಫ್ರಾನ್ಸಿಸ್ಕೊ ಲೊಪೆರಾ ಎಂಬ ವೈದ್ಯರು ದಶಕಗಳ ಕಾಲ ಅವರ ಬೆನ್ನಿಗಿದ್ದರು. ಮಾರಿಯೊ ಪಾರ್ರಾ, ಸೆರ್ಜಿಯೊ ಡೆಲ್ಲಾ ಸಾಲಾ ಮತ್ತಿತರರು 2010ರಲ್ಲಿ ತೋರಿಸಿದ್ದೇನೆಂದರೆ, ಆ ದೋಷ ಹೊತ್ತೂ ಯಾವ ಲಕ್ಷಣವೂ ಕಾಣಿಸದವರು ಬಣ್ಣ ಮತ್ತು ಆಕಾರದ ಜೋಡಿಯನ್ನು ಹಿಡಿದಿಡುವುದರಲ್ಲಿ ಆಗಲೇ ಸೋಲುತ್ತಿದ್ದರು. ಸೆಕೆಂಡುಗಳ ಹಿಡಿತ ಶುರುವಿನಲ್ಲಿ ಉಳಿದಿರುತ್ತದೆ ಎಂದು ಮೇಲೆ ಹೇಳಿದ್ದಕ್ಕೆ ಇದೊಂದು ಮುಖ್ಯ ಅಪವಾದ. ವಯಸ್ಸು, ಓದು ಈ ಪರೀಕ್ಷೆಯನ್ನು ಅಷ್ಟಾಗಿ ಕದಲಿಸುವುದಿಲ್ಲ ಎಂಬುದು ಅದರ ಹೆಗ್ಗಳಿಕೆ.

ಇದನ್ನು 'ಸಂಸ್ಕೃತಿಮುಕ್ತ' ಎಂದು ಕರೆಯಲು ಮಾತ್ರ ನಾನು ಒಪ್ಪುವುದಿಲ್ಲ. ಪೊರೆ ಬಂದ ಕಣ್ಣಿಗೆ, ಪರದೆಯ ಮುಂದೆ ಕೂತು ಅಭ್ಯಾಸವಿಲ್ಲದವರಿಗೆ, ಆಟದ ನಿಯಮವನ್ನು ಬೇರೆಯವರ ಭಾಷೆಯಲ್ಲಿ ಕೇಳಿದವರಿಗೆ ಇದು ಎಷ್ಟು ಮುಕ್ತ ಎಂಬುದನ್ನು ಊರೂರಿನಲ್ಲಿ ನೋಡಿಯೇ ಹೇಳಬೇಕು. 'ಅದೇ, ಬೇರೆ' ಎಂಬ ಎರಡೇ ಉತ್ತರವಿರುವಲ್ಲಿ ಊಹಿಸಿದರೂ ಅರ್ಧ ಸರಿಯಾಗುತ್ತದೆ. ಅದರ ನಿಜವಾದ ಬಲ ಬೇರೆ ಕಡೆಯಿದೆ. ಬರೀ ಆಕಾರಗಳನ್ನು ನೆನಪಿಡುವ ಸುತ್ತೊಂದು ಅದರೊಳಗೇ ಇದೆ. ಅಲ್ಲಿ ಗೆದ್ದು, ಜೋಡಿಯಲ್ಲಿ ಸೋತರೆ, ಕಣ್ಣು, ಪರದೆ, ನಿಯಮ ಯಾವುದನ್ನೂ ದೂರುವಂತಿಲ್ಲ. ಒಳಗೆ ಹೋಗಿದೆಯೇ ಎಂಬ ಖಾತ್ರಿ ಪರೀಕ್ಷೆಯಲ್ಲೇ ಹೆಣೆದುಕೊಂಡಿದೆ.

ಆ ಖಾತ್ರಿಗೆ ಕಂಪ್ಯೂಟರು ಬೇಕೇ ಬೇಕೆಂದಿಲ್ಲ. ಪೌಲಾ ಫುಲ್ಡ್ ಅವರ ಹಳೆಯ ವಿಧಾನವೊಂದಿದೆ: ಚೀಲದಲ್ಲಿ ಹತ್ತು ವಸ್ತು ಹಾಕಿ, ನೋಡದೆ ಕೈಯಿಂದಲೇ ಮುಟ್ಟಿ ಗುರುತಿಸಲು ಹೇಳುವುದು. ವಿದ್ಯಾರ್ಥಿಗಳಿಗೆ ತೋರಿಸುವಾಗ ನಾನು ಬೀಗದ ಕೈ, ಬಳೆ, ಗುಂಡಿ, ಚಮಚ, ಅಡಿಕೆ ಇಂಥವನ್ನು ಹಾಕುತ್ತೇನೆ. ಶಿರಸಿ ಕಡೆಯ ತೋಟದವರೊಬ್ಬರು ಚೀಲದೊಳಗೆ ಕೈಹಾಕಿ ಅಡಿಕೆಯನ್ನು ಬೆರಳಲ್ಲಿ ಹೊರಳಿಸಿ, 'ಇದು ಚಾಲಿ, ಹಳೇದು, ಎಲ್ಲಿ ತಂದ್ರಿ?' ಎಂದರು. ಇದಕ್ಕಿಂತ ಚೆನ್ನಾಗಿ ಯಾವ ಸಂಗತಿಯೂ ತಲೆಯೊಳಗೆ ಹೋಗಲಾರದು. ತೋಟ, ಕೊಳೆರೋಗ, ಅಡಿಕೆ ದರ ಎಂದು ಸ್ವಲ್ಪ ಹೊತ್ತು ಮಾತಾಡಿ, ಚೀಲದಲ್ಲಿ ಏನೇನಿತ್ತು ಎಂದು ಕೇಳಿದೆ. 'ಯಾವ ಚೀಲ?' ಎಂದರು. ನಿಮ್ಮ ತೋಟದ್ದೇ ಒಂದಿತ್ತಲ್ಲ ಎಂದು ಸುಳಿವು ಕೊಟ್ಟರೂ ಹೊಳೆಯಲಿಲ್ಲ. ಬೇಸರದಲ್ಲಿರುವವರಿಗೆ, ಸುಮ್ಮನೆ ವಯಸ್ಸಾದವರಿಗೆ ಸುಳಿವು ಕೊಟ್ಟರೆ ಸಾಮಾನ್ಯವಾಗಿ ನೆನಪು ಮರಳುತ್ತದೆ. ಸುಳಿವಿಗೂ ಬಾರದ್ದು ಅಲ್ಝೈಮರ್ಸ್‌ನ ಬಲವಾದ ಗುರುತು. ಅವರು ತಾರೀಕು, ವಾರ ಎಲ್ಲ ಸರಿ ಹೇಳಿದ್ದರು, ಕೈಯಲ್ಲಿ ಪೇಪರು ಇತ್ತು.

'ರಕ್ತಪರೀಕ್ಷೆ ಬಂದ ಮೇಲೆ ಈ ಚೀಲ, ಪಟ್ಟಿ ಎಲ್ಲ ಯಾಕೆ?' 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ, ರಕ್ತದಲ್ಲಿ ಪಿ-ಟಾವ್ 217 ಮತ್ತು ಅಮಿಲಾಯ್ಡ್ ಎಂಬ ಪ್ರೋಟೀನುಗಳನ್ನು ಅಳೆಯುವ ಪರೀಕ್ಷೆಯೊಂದನ್ನು ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆಯೇ. ಯಾರಿಗಾಗಿ ಒಪ್ಪಿಕೊಂಡಿತು ಎಂಬುದನ್ನೂ ಓದಬೇಕು: 55 ದಾಟಿದ, ಕಾಯಿಲೆಯ ಲಕ್ಷಣ ಆಗಲೇ ಕಾಣಿಸಿಕೊಂಡವರಿಗೆ. ಲಕ್ಷಣ ಇದೆಯೋ ಇಲ್ಲವೋ ಎಂದು ಹೇಳುವವರು ಯಾರು? ಮತ್ತದೇ ಚೀಲ, ಪಟ್ಟಿ, ಮನೆಯವರ ಮಾತು. ರಕ್ತ ಹೇಳುವುದು ಮೆದುಳಿನಲ್ಲಿ ಅಮಿಲಾಯ್ಡ್ ಕಟ್ಟಿದೆಯೇ ಎಂದು; ಅದು ಕಟ್ಟಿಯೂ ಕೊನೆಯವರೆಗೆ ಚುರುಕಾಗಿದ್ದವರು ಎಷ್ಟೋ ಮಂದಿ. ಮೂತ್ರಪಿಂಡದ ತೊಂದರೆಯಿದ್ದವರಲ್ಲಿ ಪಿ-ಟಾವ್ ಬೇರೆ ಕಾರಣಕ್ಕೂ ಏರುತ್ತದೆ, ಸಕ್ಕರೆ ಕಾಯಿಲೆ ತುಂಬಿರುವ ನಮ್ಮಲ್ಲಿ ಅದು ಸಣ್ಣ ಮಾತಲ್ಲ.

ಕೊನೆಗೆ, ಹತಾಶೆಯಿಂದ ಬಂದ ಪ್ರಶ್ನೆ: 'ವಾಸಿಯಾಗದ ಕಾಯಿಲೆಯನ್ನು ಪತ್ತೆಮಾಡಿ ಏನು ಬಂತು?' ಪರೀಕ್ಷೆಯಲ್ಲಿ ಎಡವಿದವರೆಲ್ಲ ಅಲ್ಝೈಮರ್ಸ್‌ನವರಲ್ಲ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ನಿದ್ದೆಗೂ ಮೂತ್ರಕ್ಕೂ ನುಂಗುವ ಕೆಲವು ಮಾತ್ರೆಗಳು, ಕಿವುಡು, ಇವೆಲ್ಲ ಮರೆವಿನ ವೇಷದಲ್ಲಿ ಬರುತ್ತವೆ, ಇವಕ್ಕೆ ಚಿಕಿತ್ಸೆಯಿದೆ. 2024ರ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ, ನಾವು ಕೈಹಾಕಿ ಬದಲಿಸಬಹುದಾದ 14 ಅಪಾಯಗಳಲ್ಲಿ ಕಿವಿ ಕೇಳದಿರುವುದೂ ಒಂದು, ಬಾಲ್ಯದಲ್ಲಿ ಶಾಲೆ ತಪ್ಪಿದ್ದೂ ಒಂದು.

ಇನ್ನು ನಿಜವಾಗಿ ಅಲ್ಝೈಮರ್ಸ್ ಇರುವವರ ಮಾತು. ಶಿರಸಿಯವರ ಮಕ್ಕಳಿಗೆ ವಿಷಯ ತಿಳಿಸಿದಾಗ ಮಳೆಗಾಲಕ್ಕೆ ಇನ್ನೂ ಸಮಯವಿತ್ತು. ಅಪ್ಪನೇ ಅಂದಾಜಿನ ಮೇಲೆ ಮೈಲುತುತ್ತ, ಸುಣ್ಣ ಬೆರೆಸಿ ತೋಟಕ್ಕೆ ಔಷಧಿ ಸಿದ್ಧಮಾಡುವುದು ಆ ಮನೆಯ ರೂಢಿ. ಆ ವರ್ಷದಿಂದ ಬೆರೆಸುವ ಕೆಲಸ ದೊಡ್ಡ ಮಗ ವಹಿಸಿಕೊಂಡ, ಅಪ್ಪ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಸೊಸೈಟಿಯ ಖಾತೆಗೆ ಇಬ್ಬರ ಸಹಿ ಕಡ್ಡಾಯವಾಯಿತು. ಹಿಸ್ಸೆಯ ಕಾಗದಗಳನ್ನು ಅಪ್ಪ ತಾವೇ ಓದಿಸಿಕೊಂಡು, ತಿಳಿದು, ಒಪ್ಪಿ, ರುಜು ಹಾಕಿದರು.